ಮಾಲೆ ತೋರಿಸಿ ಹೇಳಿದ ಸುಳ್ಳು

ನನ್ನ ಮಗ ಕುಡಿಯುತ್ತಿದ್ದದ್ದು ಖರೆ. ಆದರೆ ಆ ವರ್ಷ ಅವನು ಸಾವಿನ ಬಾಗಿಲ ತನಕ ಹೋದದ್ದು ಕುಡಿದಿದ್ದಕ್ಕಲ್ಲ, ಕುಡಿತ ಒಮ್ಮೆಲೇ ನಿಂತಿದ್ದಕ್ಕೆ. ಅದನ್ನು ತಡೆಯಬಹುದಿತ್ತು. ದವಾಖಾನೆಯ ಸಿಸ್ಟರ್ ಒಂದು ಮಾತು ಕೇಳಿದಳು, ನಾನು ಸುಳ್ಳು ಹೇಳಿದೆ. ನಡೆದದ್ದು ಇಷ್ಟೇ. ಊರವರು ದೆವ್ವ ಎಂದರು, ಗ್ರಹಚಾರ ಎಂದರು, ಯಾರದೋ ಕಣ್ಣು ಬಿತ್ತು ಎಂದರು. ಅವೆಲ್ಲ ಕಟ್ಟುಕತೆ. ತಪ್ಪು ನನ್ನ ಬಾಯಿಯದು.

ಮೊನ್ನೆ ತಂಗಿಯ ಸೊಸೆ ಹಡೆದಿದ್ದಾಳೆಂದು ಗದಗಿನ ಅದೇ ದವಾಖಾನೆಗೆ ಹೋಗಿದ್ದೆ. ಕೂಸಿಗೆ ಸೂಜಿ ಹಾಕಲು ಬಂದ ಹುಡುಗಿ ಹತ್ತಿಗೆ ಸ್ಪಿರಿಟ್ ಹಚ್ಚಿ ಅದರ ತೊಡೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂಡಲಾಗಲಿಲ್ಲ. ಕೂಸನ್ನು ಎತ್ತಿಕೊಳ್ಳದೆ ಹೊರಗೆ ಬಂದೆ. ತಂಗಿ ಏನು ತಿಳಿದಳೋ ಏನೋ. ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ತಿರುಗಿದೆ. ಆ ವರ್ಷವೂ ಹೀಗೆಯೇ ತಿರುಗಿದ್ದೆ. ಹನ್ನೆರಡು ದಿನ.

ಅದು ಉಳ್ಳಾಗಡ್ಡಿ ಕೀಳುವ ಕಾಲ. ದಸರಾ ಮುಗಿದರೂ ಮಳೆ ಬಿಟ್ಟಿರಲಿಲ್ಲ. ಮೋಡ ಕಟ್ಟಿತೆಂದು ಕಿತ್ತ ಗಡ್ಡೆಯ ಮೇಲೆ ತಾಡಪತ್ರಿ ಎಳೆಯುವುದು, ಬಿಸಿಲು ಬಂತೆಂದು ತೆಗೆಯುವುದು, ಎರಡು ಹನಿ ಬಿದ್ದವೆಂದು ಮತ್ತೆ ಎಳೆಯುವುದು. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯುದ್ದಕ್ಕೂ ಕೊಳೆತ ಉಳ್ಳಾಗಡ್ಡಿಯ ನಾತ. ಯಾರಿಗೂ ಒಂದು ಕಡೆ ಕೂಡುವ ಮನಸ್ಸಿಲ್ಲ. ಕರೆಂಟು ಬರುವುದು, ಹೋಗುವುದು, ಬಂದರೆ ಜೋರಾಗಿ ಬರುವುದು. ಹೊಲಗಳಲ್ಲಿ ಮೋಟರುಗಳು ಸಾಲು ಹಿಡಿದು ಸುಟ್ಟವು.

ಸುಟ್ಟ ಮೋಟರುಗಳೆಲ್ಲ ನನ್ನ ಮಗ ಫಕ್ಕೀರಪ್ಪನ ಅಂಗಡಿಗೆ ಬರುತ್ತಿದ್ದವು. ಲಕ್ಷ್ಮೇಶ್ವರದಲ್ಲಿ ಅವನದು ಮೋಟರ್ ವೈಂಡಿಂಗ್ ಕೆಲಸ. ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೂಡಿಸಬೇಕು. ಸುತ್ತು ಒಂದು ಹೆಚ್ಚುಕಡಿಮೆಯಾದರೂ ಮೋಟರ್ ತಡೆಯುವುದಿಲ್ಲ ಎನ್ನುತ್ತಿದ್ದ. ಮುಂಡರಗಿ ಕಡೆಯಿಂದಲೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತಿದ್ದರು. ಫಕ್ಕೀರಪ್ಪ ಕೈ ಹಚ್ಚಿದರೆ ಮೂರು ವರ್ಷ ನೋಡುವಂತಿಲ್ಲ ಎಂದು ಹೆಸರಿತ್ತು.

ಆ ಹೆಸರಾದ ಕೈ ಏಳು ವರ್ಷದಿಂದ ಮುಂಜಾನೆ ನಡುಗುತ್ತಿತ್ತು. ಒಂದು ಪಾಕೀಟು ಶೆರೆ ಹೊಟ್ಟೆಗೆ ಬಿದ್ದ ಮೇಲೆ ನಿಲ್ಲುತ್ತಿತ್ತು. ಮಧ್ಯಾಹ್ನ ಇನ್ನೊಂದು, ಹೊತ್ತು ಮುಳುಗಿದ ಮೇಲೆ ಲೆಕ್ಕವಿಲ್ಲ. ಬೈದೆ. ಮಾತು ಬಿಟ್ಟೆ. ಸೊಸೆ ನೀಲವ್ವ ಎರಡು ಸಲ ತವರಿಗೆ ಹೋಗಿ ಕುಳಿತಳು, ಎರಡು ಸಲ ತಾನೇ ತಿರುಗಿ ಬಂದಳು. ಏನೂ ಆಗಲಿಲ್ಲ.

ಆ ವರ್ಷ ಮೊಮ್ಮಗಳು ಸವಿತಾಳಿಗೆ ಮುಂಡರಗಿಯಿಂದ ಒಂದು ಸಂಬಂಧ ಬಂತು. ಚಲೋ ಮನೆತನ. ಹುಡುಗನ ತಂದೆ ಬಸವಂತಪ್ಪ ಹಣೆ ತುಂಬ ವಿಭೂತಿ ಹಚ್ಚುವ ಮನುಷ್ಯ, ಚಹಾ ಸಹ ಕುಡಿಯುವುದಿಲ್ಲ. ದೀಪಾವಳಿ ಮುಗಿದ ಮೇಲೆ ನಿಶ್ಚಯ ಎಂದು ಮಾತಾಯಿತು. ನನಗೆ ದಿಗಿಲು ಹತ್ತಿತು. ಏಕಾದಶಿಯ ದಿನ ಫಕ್ಕೀರಪ್ಪನನ್ನು ಎಳೆದುಕೊಂಡು ಹೋಗಿ ಪಂಢರಪುರದ ವಿಠ್ಠಲನ ಮಾಲೆ ಹಾಕಿಸಿದೆ. ನಮ್ಮ ಕಡೆ ಕುಡಿಯುವವರಿಗೆ ಇದೇ ಔಷಧ. ತುಳಸಿ ಮಣಿಯ ಮಾಲೆ ಕೊರಳಿಗೆ ಬಿದ್ದರೆ ಶೆರೆ ಮುಟ್ಟಬಾರದು, ಮುಟ್ಟಿದರೆ ದೇವರ ಕಾಟ. ಎಷ್ಟೋ ಜನ ಹೀಗೆ ಬಿಟ್ಟಿದ್ದಾರೆ, ಇಲ್ಲ ಎನ್ನುವುದಿಲ್ಲ.

ನನ್ನ ಮಗ ಬಿಡಲಿಲ್ಲ. ಮಾಲೆ ಹಾಕಿದ ಎಂಟನೆಯ ದಿನಕ್ಕೆ ಬುತ್ತಿ ಕೊಡಲು ಅಂಗಡಿಗೆ ಹೋದೆ. ಮಾಲೆ ಗೋಡೆಯ ಮೊಳೆಗೆ ತೂಗುಬಿದ್ದಿತ್ತು, ಮಗ ಹಿಂದಿನ ಬಾಗಿಲಲ್ಲಿ ಬಾಯಿ ತೊಳೆಯುತ್ತಿದ್ದ. ಕುಡಿಯುವಾಗ ತೆಗೆದು ಆಮೇಲೆ ಹಾಕಿಕೊಳ್ಳುತ್ತಿದ್ದ. ನಾನು ಏನು ಮಾಡಿದೆ? ಹಾದಿಯಲ್ಲಿ ಹೋಗುವವರಿಗೆ ಕಾಣಬಾರದೆಂದು ಆ ಮಾಲೆಯನ್ನು ಒಳಗಿನ ಮೊಳೆಗೆ ಹಾಕಿ, ಬುತ್ತಿ ಇಟ್ಟು, ಮನೆಗೆ ಬಂದೆ. ನೀಲವ್ವನಿಗೂ ಹೇಳಲಿಲ್ಲ. ಅವಳಿಗೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಂದ ಒಬ್ಬರು ಮುಚ್ಚಿಟ್ಟಿದ್ದೆವು.

ಒಂದು ಸೋಮವಾರ ಒಬ್ಬರ ಹೊಲದ ಕೊಳವೆಬಾವಿಯಿಂದ ಮೋಟರ್ ಮೇಲೆತ್ತುವಾಗ ಸರಪಳಿ ಜಾರಿತು. ಕಬ್ಬಿಣದ ಪೈಪು ಫಕ್ಕೀರಪ್ಪನ ಮೊಣಕಾಲ ಕೆಳಗೆ ಬಿತ್ತು. ಎಲುಬು ಎರಡು ಕಡೆ ಮುರಿದಿತ್ತು. ಹೊಲದವರೇ ಗಾಡಿ ಮಾಡಿ ಗದಗಿಗೆ ತಂದರು. ಮಧ್ಯಾಹ್ನದ ಹೊತ್ತಿಗೆ ನಾನೂ ನೀಲವ್ವನೂ ಬಂದು ಮುಟ್ಟಿದೆವು. ಬುಧವಾರ ಆಪರೇಷನ್, ಪ್ಲೇಟು ಹಾಕಬೇಕು ಎಂದರು ಡಾಕ್ಟರ್.

ನಾವು ಕಾಟಿನ ಹತ್ತಿರ ನಿಂತು ಇನ್ನೂ ಬೆವರು ಒರೆಸಿಕೊಂಡಿಲ್ಲ, ಬಸವಂತಪ್ಪ ಬಾಳೆಹಣ್ಣು ಹಿಡಿದು ಬಂದುಬಿಟ್ಟ. ಗದಗಿನ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ತಂದಿದ್ದನಂತೆ, ಅಲ್ಲೇ ಖಬರು ಮುಟ್ಟಿತ್ತು. ಅದೇ ಹೊತ್ತಿಗೆ ಸಿಸ್ಟರ್ ಕಾಗದ ಹಿಡಿದು ಬಂದಳು. ಹೆಸರು ಕಸ್ತೂರಿ. ಮೂವತ್ತರ ಆಸುಪಾಸು, ದಿನಾ ಹರ್ತಿಯಿಂದ ಬಸ್ಸಿಗೆ ಬರುವವಳು. ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ಬೀಡಿ ಸೇದುತ್ತಾರೆಯೇ ಎಂದು ಒಂದೊಂದೇ ಕೇಳಿ ಬರೆದುಕೊಂಡಳು.

"ಶೆರೆ ತಗೋತಾರೇನ್ರಿ?"

ಫಕ್ಕೀರಪ್ಪ ಕಣ್ಣು ಮುಚ್ಚಿದ. ನೀಲವ್ವ ಬಾಯಿ ತೆರೆದಳು, ನಾನು ಅವಳ ಕಾಲು ತುಳಿದೆ. ಮಗನ ಅಂಗಿಯ ಗುಂಡಿ ಬಿಚ್ಚಿ ಮಾಲೆ ಎಳೆದು ತೋರಿಸಿದೆ.

"ಇದ ಏನೈತಿ ನೋಡ್ರಿ. ವಿಠ್ಠಲನ ಮಾಲಿ. ಇದನ್ನ ಹಾಕ್ಕೊಂಡಾಂವಗ ಇಂಥಾ ಮಾತ ಕೇಳ್ತೀರೇನು? ನಮ್ಮ ಮನಿತನದಾಗ ಯಾರೂ ಅದರ ವಾಸನೀನೂ ಕಂಡಿಲ್ಲ."

"ಶಬಾಶ್ ಬೀಗತ್ಯಾರ," ಎಂದ ಬಸವಂತಪ್ಪ ಹಿಂದಿನಿಂದ. ಇನ್ನೂ ನಿಶ್ಚಯವಾಗಿರಲಿಲ್ಲ, ಆಗಲೇ ಬೀಗತಿ ಎಂದು ಕರೆದ. ನನ್ನ ಎದೆ ಉಬ್ಬಿತು.

ಸಿಸ್ಟರ್ ಮಾಲೆ ನೋಡಿದಳು. ಮಗನ ಕೈಬೆರಳು ನೋಡಿದಳು. ಬರೆದುಕೊಂಡು ಹೋದಳು. ಬೀಗರು ಹೋದ ಮೇಲೆ ಮತ್ತೆ ಬಂದಳು.

"ಆಯೀ, ಇವರ ಕೈ ಯಾಕ ನಡುಗತಾವು?"

"ಕಾಲ ಮುರದೈತಲ್ರಿ, ಬ್ಯಾನಿಗೆ."

"ಬ್ಯಾನಿ ಸೂಜಿ ಹಾಕೇವಿ. ಕುಡಿಯೋದಿದ್ರ ಹೇಳ್ರಿ, ಬೈಯಾಕ ಕೇಳಾಕತ್ತಿಲ್ಲ. ಗೊತ್ತಾದ್ರ ಔಷಧ ಬ್ಯಾರೆ ಕೊಡಬೇಕಾಗತೈತಿ."

"ಎಷ್ಟ ಸಲ ಹೇಳಬೇಕ್ರಿ ನಿಮಗ?" ಎಂದೆ. ಸಣ್ಣ ಹುಡುಗಿ, ನನ್ನ ಮಾತಿಗೆ ಎದುರು ಆಡುತ್ತಾಳೆ ಎಂದು ಸಿಟ್ಟು ಬಂತು. ಅಂದು ಎರಡು ಸಲ, ಮರುದಿನ ಮುಂಜಾನೆ ಒಂದು ಸಲ ಕೇಳಿದಳು. ಮಗನನ್ನೇ ನೇರವಾಗಿ ಕೇಳಿದರೆ ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. "ಇಲ್ರಿ," ಎಂದ.

ಮಂಗಳವಾರ ಅವನು ಒಂದು ಕ್ಷಣ ಸುಮ್ಮನೆ ಮಲಗಲಿಲ್ಲ. ಮೈಯೆಲ್ಲ ಬೆವರು. ಹೊದಿಕೆ ಒದೆಯುವುದು, ಎಳೆದುಕೊಳ್ಳುವುದು. ನೀರು ಕೊಟ್ಟರೆ ವಾಂತಿ. ಫ್ಯಾನಿನ ಸಪ್ಪಳಕ್ಕೂ ಬೆಚ್ಚುವುದು. ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ಇರುವೆ ಹರಿಯುತ್ತಿವೆ, ತೆಗೆಯಿರಿ ಎಂದು ಕೈ ಬಡಿದುಕೊಂಡ. ಒಂದು ಇರುವೆಯೂ ಇರಲಿಲ್ಲ. ನೀಲವ್ವ ಗಂಜಿ ತರಲು ಹೊರಗೆ ಹೋದಾಗ ನನ್ನ ಸೆರಗು ಹಿಡಿದ.

"ಯವ್ವಾ, ಒಂದ ಪಾಕೀಟ ತಂದ ಕೊಡ. ಒಂದ ಸಾಕು. ಜೀವ ಹೊಂಟೈತಿ."

"ಮಾಲಿ ಹಾಕ್ಕೊಂಡಿದಿ."

"ಮಾಲಿ ತಗದ ನೀನ ಇಟಗೋ. ನಿನ್ನ ಕಾಲ ಬೀಳ್ತೀನಿ."

ನಲವತ್ತೇಳು ವರ್ಷದ ಮಗನ ಕೆನ್ನೆಗೆ ಹೊಡೆದೆ. "ಹೋಗಲಿ ಜೀವ," ಎಂದೆ. ಇದನ್ನು ಮರೆತಿಲ್ಲ. ಪಾಕೀಟು ಕೊಡದಿದ್ದದ್ದು ತಪ್ಪಲ್ಲ, ಆಮೇಲೆ ಸಿಸ್ಟರೇ ಹೇಳಿದಳು. ಆದರೆ ಅಷ್ಟು ಸಂಕಟ ಕಣ್ಣಾರೆ ಕಂಡು, ಕಾರಣವೂ ಗೊತ್ತಿದ್ದು, ಬಾಯಿ ಹೊಲಿದುಕೊಂಡು ಕುಳಿತಿದ್ದೆನಲ್ಲ, ಅದು ತಪ್ಪು. ಪಕ್ಕದ ಕಾಟಿನ ಮುದುಕಿ ಗಾಳಿ ಸೋಂಕಿರಬೇಕು ಎಂದಳು. ನನಗೆ ಅದೇ ಬೇಕಾಗಿತ್ತು. ನಿಂಬೆಹಣ್ಣು ತರಿಸಿ ಅವನಿಗೆ ನಿವಾಳಿಸಿದೆ. ಖರೆ ಗೊತ್ತಿದ್ದವಳೇ ನಿಂಬೆಹಣ್ಣು ನಿವಾಳಿಸಿದೆ.

ಮೂರು ಗಂಟೆಯ ಹೊತ್ತಿಗೆ ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಹಲ್ಲು ಕಚ್ಚಿ, ಮೈ ಸೆಟೆದು, ಕೈಕಾಲು ಬಡಿಯತೊಡಗಿದವು. ಮುರಿದ ಕಾಲು ಸಹ. ನಾನು ಚೀರಿ, ಸೊಂಟದ ಕೀಲಿಕೈ ಗೊಂಚಲು ಬಿಚ್ಚಿ ಅವನ ಮುಷ್ಟಿಗೆ ತುರುಕಲು ಹೋದೆ. ಕಸ್ತೂರಿ ಓಡಿ ಬಂದಳು.

"ಕೀಲಿ ತಗೀರಿ ಆಯೀ! ಬಾಯಾಗೂ ಏನೂ ಹಾಕಬ್ಯಾಡ್ರಿ. ಗಟ್ಟ್ಯಾಗಿ ಹಿಡೀಬ್ಯಾಡ್ರಿ. ಸರೀರಿ!"

ಕಾಲಿಗೆ ಒಬ್ಬರ ಆಸರೆ ಕೊಡಿಸಿ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿದಳು. ಗಡಿಯಾರ ನೋಡಿಕೊಂಡಳು. ಡಾಕ್ಟರಿಗೆ ಫೋನು ಹೋಯಿತು, ರಕ್ತನಾಳಕ್ಕೆ ಔಷಧ ಹೋಯಿತು. ಬಡಿತ ನಿಂತಿತು. ಬಾಯಿಯಿಂದ ನೊರೆ, ಗೊರಕೆಯಂಥ ಉಸಿರು. ಸತ್ತವರ ಬಣ್ಣ.

ಆಗ ಆಕೆ ನನ್ನನ್ನೂ ನೀಲವ್ವನನ್ನೂ ಡ್ರೆಸ್ಸಿಂಗ್ ಕೋಣೆಗೆ ಕರೆದು ಬಾಗಿಲು ಹಾಕಿದಳು. ಒಳಗೆ ಸ್ಪಿರಿಟ್ಟಿನ ವಾಸನೆ, ನಾವು ಮೂವರೇ.

"ಇಲ್ಲೆ ಬ್ಯಾರೆ ಯಾರೂ ಇಲ್ಲ. ನೀವ ಹೇಳಿದ್ದು ಕೇಸ್ ಶೀಟಿನ್ಯಾಗ ಹೋಗತೈತಿ, ನಾವು ಡಾಕ್ಟರು ನೋಡ್ತೀವಿ, ಅಷ್ಟ. ಬೀಗರಿಗೆ ಹೇಳೋದು ನನ್ನ ಕೆಲಸ ಅಲ್ಲ. ಈಗ ಕುಡೀತಾರೇನು ಅಂತ ಕೇಳಂಗಿಲ್ಲ. ಕಡೀಕ ಕುಡದದ್ದು ಯಾವಾಗ, ಅದನ್ನ ಹೇಳ್ರಿ."

ಬೀಗರು ಎಂಬ ಮಾತು ಆಕೆಯ ಬಾಯಿಂದ ಬಂದಾಗ ನನಗೆ ತಿಳಿಯಿತು. ನಿನ್ನೆಯೇ ಎಲ್ಲವನ್ನೂ ಕಂಡಿದ್ದಳು. ಆದರೂ ನನ್ನ ಬಾಯಿ ಏನೆಂದಿತು ಗೊತ್ತೇ?

"ಮಾಲಿ ಐತಲ್ರಿ..."

ನೀಲವ್ವ ನನ್ನ ಕಡೆ ತಿರುಗಿದಳು. ಇಪ್ಪತ್ನಾಲ್ಕು ವರ್ಷ ನನ್ನ ಎದುರು ದನಿ ಎತ್ತಿದವಳಲ್ಲ.

"ಅತ್ತೀ, ನಿಮ್ಮ ಮಾನ ನೀವ ಕಟಗೊಂಡ ಕುಂಡ್ರಿ. ನನ್ನ ಗಂಡ ಹೊಂಟಾನ!" ಎಂದವಳೇ ಸಿಸ್ಟರ್ ಕಡೆ ತಿರುಗಿ ಎಲ್ಲ ಹೇಳಿದಳು. ಏಳು ವರ್ಷ. ದಿನಕ್ಕೆ ಐದು ಪಾಕೀಟು, ಒಮ್ಮೊಮ್ಮೆ ಆರು. ಕಣ್ಣು ಬಿಟ್ಟ ಕೂಡಲೆ ಒಂದು. ಸೋಮವಾರ ಮುಂಜಾನೆ ಏಳಕ್ಕೆ ಕಡೆಯದು. ಮಾಲೆ ಮೊಳೆಗೆ ಹಾಕಿ ಕುಡಿದದ್ದನ್ನೂ ಹೇಳಿದಳು.

ನಾನು ಸಿಸ್ಟರ್ ಮುಖವನ್ನೇ ನೋಡುತ್ತಿದ್ದೆ. ಈಗ ಮೂಗು ಮುರಿಯುತ್ತಾಳೆ, ಈಗ ನನಗೆ ಉಗುಳುತ್ತಾಳೆ ಎಂದು. ಮುಖ ಬದಲಾಗಲಿಲ್ಲ. ಹಿಂದೆ ಎಂದಾದರೂ ಹೀಗೆ ಫಿಟ್ಸ್ ಬಂದಿತ್ತೇ, ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಕೇಳಿದಳು. "ಹೇಳಿದ್ದು ಚಲೋ ಆತು ಅಕ್ಕಾ," ಎಂದು ನೀಲವ್ವನ ಭುಜ ಮುಟ್ಟಿ ಹೊರಗೆ ಓಡಿದಳು. ನನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬುಧವಾರದ ಆಪರೇಷನ್ ಮುಂದೆ ಹೋಯಿತು. ಡಾಕ್ಟರ್ ಬಂದು ಔಷಧ ಬದಲಾಯಿಸಿದರು. ಸಲಾಯಿನ್ ಹಚ್ಚುವ ಮೊದಲು ಕಸ್ತೂರಿ ಹಳದಿ ಬಣ್ಣದ ಒಂದು ಸೂಜಿ ಹಾಕಿದಳು. ಇದೇನೆಂದು ಕೇಳಿದೆ. ಕುಡಿದೂ ಕುಡಿದೂ ಮೈಯಲ್ಲಿ ಒಂದು ಜೀವಸತ್ವ ಬತ್ತಿಹೋಗಿರುತ್ತದೆ, ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಎಂದಳು.

"ಮತ್ತ ಫಿಟ್ಸ್ ಯಾಕ ಬಂತ್ರಿ? ಕುಡಿಯೋದ ಬಿಟ್ರ ಚಲೋ ಆಗಬೇಕಲ್ಲ?"

"ಏಳ ವರ್ಷ ದಿನಾ ಶೆರೆ ನರಗಳನ್ನ ಒತ್ತಿ ಹಿಡದೈತಿ ಆಯೀ. ಒಮ್ಮಿಗಿಲೆ ಕೈ ಬಿಟ್ರ ಅವು ಜಿಗದ ಏಳತಾವು. ಅದಕ್ಕ ಇಷ್ಟ ಕುಡಿಯೋರು ಮನ್ಯಾಗ ತಾವ ಬಿಡಬಾರದು. ದವಾಖಾನ್ಯಾಗ, ಔಷಧದ ಮ್ಯಾಲ, ಸಾವಕಾಶ ಬಿಡಬೇಕು."

ಮಾಲೆ ಹಾಕಿಸುವವರು ಯಾರೂ ಇದನ್ನು ಹೇಳಿರಲಿಲ್ಲ. ಅವನು ನನ್ನ ಮಾತು ಕೇಳಿ ಏಕಾದಶಿಯಂದೇ ಖರೆಖರೆ ಬಿಟ್ಟಿದ್ದರೆ ಮನೆಯಲ್ಲೇ, ನಮ್ಮೆದುರೇ, ಹೋಗಿಬಿಡುತ್ತಿದ್ದನೋ ಏನೋ. ಕಳ್ಳತನದಿಂದ ಕುಡಿದು ಉಳಿದುಕೊಂಡಿದ್ದ. ಇದನ್ನು ಯಾರ ಮುಂದೆ ಹೇಳಲಿ?

ಅಷ್ಟಕ್ಕೇ ಮುಗಿಯಲಿಲ್ಲ. ಗುರುವಾರ ಅವನ ಕಣ್ಣಿಗೆ ದವಾಖಾನೆ ಹೋಗಿ ಅಂಗಡಿಯಾಯಿತು. ಕಾಟಿನ ಮೇಲೆ ಕುಳಿತು ಗಾಳಿಯಲ್ಲಿ ತಂತಿ ಸುತ್ತತೊಡಗಿದ. ಎಡಗೈಯಲ್ಲಿ ಇಲ್ಲದ ತಂತಿ ಹಿಡಿದು, ಬಲಗೈ ಗರಗರ ತಿರುಗಿಸಿ, "ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು..." ಎಣಿಕೆ ತಪ್ಪಿತೆಂದು ಬೈದುಕೊಂಡು ಮತ್ತೆ ಒಂದರಿಂದ. ನಡುನಡುವೆ ಕೆಳಗಿಳಿಯಲು ಹೋಗುವುದು, ಮುರಿದ ಕಾಲು ಊರಲು ಹೋಗುವುದು. ವಾರ್ಡಿನ ಆಳು ಹಗ್ಗ ತಂದ.

"ಕುಡಕ ನನ್ಮಕ್ಕಳದ ಇದ ಹಣೇಬರಾ ಸಿಸ್ಟರ್. ಕಟ್ಟಿ ಒಗಿಯೋಣ."

"ಅವರ ಹೆಸರ ಫಕ್ಕೀರಪ್ಪ," ಎಂದಳು ಕಸ್ತೂರಿ. "ಕಟ್ಟಿದ್ರ ಇನ್ನೂ ಅಂಜತಾರ, ಇನ್ನೂ ಜಗ್ಗಾಡತಾರ. ಹಗ್ಗ ಒಯ್ದ ಇಡು. ಆಯೀ, ನೀವ ಬರ್ರಿ ಇಲ್ಲೆ. ಕುಂಡ್ರಿ."

"ನಾ ಏನ ಮಾಡಲಿ?"

"ವಾದ ಹಾಕಬ್ಯಾಡ್ರಿ. ತಂತಿ ಇಲ್ಲ ಅಂತ ಜಗಳಾ ತಗೀಬ್ಯಾಡ್ರಿ. ಇದು ಗದಗು, ದವಾಖಾನಿ, ಇವತ್ತ ಗುರುವಾರ, ನಾ ನಿನ್ನ ಅವ್ವ ಅಂತ ಮೆಲ್ಲಕ ಹೇಳಕೋತ ಇರ್ರಿ. ನೂರ ಸಲ ಹೇಳಬೇಕಾದೀತು."

ನೂರು ಸಲ ಹೇಳಿದೆ. ಎಷ್ಟು ಬೇಸರದ ಕೆಲಸ ಅದು! ಹೇಳುವುದು, ಅವನು ಹೌದೆನ್ನುವುದು, ಮರುಕ್ಷಣ ತಂತಿ ಸುತ್ತುವುದು. ಎದ್ದು ಓಡಿಹೋಗಬೇಕೆನಿಸುತ್ತಿತ್ತು. ನೀಲವ್ವ ಕೂತಾಗ ವರಾಂಡ ತಿರುಗುತ್ತಿದ್ದೆ, ಮತ್ತೆ ಬಂದು ಕೂಡುತ್ತಿದ್ದೆ. ಕಸ್ತೂರಿ ತನ್ನ ಪಾಳಿಯಲ್ಲಿ ಗಂಟೆಗೊಮ್ಮೆ ಬಂದು, "ಫಕ್ಕೀರಪ್ಪಾರ, ಎರಡೂ ಕೈ ಮುಂದ ಚಾಚ್ರಿ," ಎನ್ನುತ್ತಿದ್ದಳು. ನಡುಕ ನೋಡುವುದು, ನಾಡಿ ಹಿಡಿಯುವುದು, ಬೆವರು ಮುಟ್ಟಿ ನೋಡುವುದು, ಬರೆದು ಡಾಕ್ಟರಿಗೆ ಹೇಳುವುದು. ಕಿಟಕಿಯ ಪರದೆ ಸರಿಸಿ ಬೆಳಕು ಬರುವಂತೆ ಮಾಡಿದಳು. ಫಕ್ಕೀರಪ್ಪಾರ! ಏಳು ವರ್ಷದಲ್ಲಿ ನನ್ನ ಮಗನ ಹೆಸರಿಗೆ ಗೌರವ ಕೂಡಿಸಿ ಕರೆದವರನ್ನು ನಾನು ಕಂಡಿರಲಿಲ್ಲ. ನಾನೇ ಕರೆಯುತ್ತಿದ್ದದ್ದು "ಲೇ ಕುಡುಕ್ಯಾ" ಎಂದು.

ಶನಿವಾರ ಮುಂಜಾನೆ ಕಣ್ಣು ತಿಳಿಯಾದವು. "ಯವ್ವಾ, ಹಸಿವಾಗೇತಿ," ಎಂದ. ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟೆ. ಅಂದು ಕಸ್ತೂರಿ ಕೆಲಸ ಮುಗಿಸಿ ಅವನ ಕಾಟಿನ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತಳು. ಎಲ್ಲರೂ ನಿಂತು ಮಾತಾಡುವ ಜಾಗದಲ್ಲಿ ಆಕೆ ಕುಳಿತದ್ದು ನನಗೆ ವಿಚಿತ್ರವೆನಿಸಿತು. ನಾನು ಹೋಗಲೇ ಎಂದರೆ ಮಗ ಇರಲಿ ಎಂದ.

"ಫಕ್ಕೀರಪ್ಪಾರ, ಕುಡದ್ರ ನಿಮಗ ಏನ ಚಲೋ ಆಗತೈತಿ?"

ನನಗೆ ರೇಗಿತು. "ಇದೇನ ಕೇಳ್ತಿ ಯವ್ವಾ? ಅದರಾಗ ಚಲೋದ ಏನೈತಿ? ಬುದ್ಧಿ ಹೇಳ್ತೀ ಅಂತ ನಾ ಕುಂತ್ರ!"

"ಬುದ್ಧಿ ನೀವು ಏಳ ವರ್ಷ ಹೇಳೀರಿ ಆಯೀ. ನಾ ಅವರ ಮಾತ ಕೇಳ್ತೀನಿ."

ನೀಲವ್ವ ಮೂಲೆಯಲ್ಲಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ, ಅದೂ ನನ್ನ ಮೇಲೆ.

ಮಗ ಫ್ಯಾನು ನೋಡಿದ. "ಕೈ ನಿಂದರತಾವ್ರಿ. ಕೈ ನಿಂತ್ರ ಕೆಲಸ. ಮಂದಿ ನನ್ನ ಕೈ ನೋಡಿ ಬರತಾರ್ರಿ, ಮಾರಿ ನೋಡಿ ಅಲ್ಲ."

"ಹೌದು. ಕೆಟ್ಟದ್ದು?"

"ಸವಿತಾ ಅಂಗಡಿ ಮುಂದ ಸಾಲಿಗೆ ಹೋಗ್ತಾಳ್ರಿ, ಪಾಠಾ ಹೇಳಾಕ. ಆ ಕಡೆ ಮಾರಿ ಮಾಡಿ ಹೋಗ್ತಾಳ."

ನನಗೆ ಇದು ಗೊತ್ತಿರಲಿಲ್ಲ. ಕಸ್ತೂರಿ ಅಯ್ಯೋ ಎನ್ನಲಿಲ್ಲ, ಮಗಳ ಮುಖ ನೋಡಿ ಬಿಡಿರಿ ಎನ್ನಲಿಲ್ಲ. ನಾನಾಗಿದ್ದರೆ ಅಲ್ಲಿಯೇ ಹಿಡಿದು ಆಣೆ ಮಾಡಿಸುತ್ತಿದ್ದೆ.

"ಬಿಡಬೇಕು ಅನಸತೈತ್ರಿ," ಎಂದ ಮಗ ತಾನಾಗಿಯೇ. "ಬಿಡಾಕ ಆಗಂಗಿಲ್ಲ ಅಂತನೂ ಅನಸತೈತಿ."

"ಎರಡೂ ಖರೆನ ಇರಬೇಕು. ಈಗ ಐದ ದಿನ ಆತು, ಕೈ ಚಾಚ್ರಿ ನೋಡೋಣು."

ಚಾಚಿದ. ಬೆರಳ ತುದಿಗಳು ಸ್ವಲ್ಪ ಅಲುಗಿದವು, ಅಷ್ಟೇ. ಅವನು ತನ್ನ ಕೈಯನ್ನು ಬೇರೆಯವರದೆಂಬಂತೆ ತಿರುಗಿಸಿ ತಿರುಗಿಸಿ ನೋಡಿದ. ಶೆರೆ ಇಲ್ಲದೆ ನಿಂತ ಕೈಯನ್ನು ಅವನು ನೋಡಿ ಏಳು ವರ್ಷವಾಗಿತ್ತು.

ಕಸ್ತೂರಿ ಎದ್ದಳು. ಹೊರಗೆ ಹೋದ ಮೇಲೆ ವಾರಕ್ಕೊಮ್ಮೆ ಬರಬೇಕು, ಮಾನಸಿಕ ವಿಭಾಗದ ಡಾಕ್ಟರನ್ನೂ ಕಾಣಬೇಕು ಎಂದಳು. ಕುಡಿಯಬೇಕೆನಿಸಿದಾಗ ಮೊದಲು ಏನು ಮಾಡುತ್ತೀರಿ ಎಂದು ಅವನನ್ನೇ ಕೇಳಿ, ಅವನು ಹೇಳಿದ್ದನ್ನೇ ಚೀಟಿಯಲ್ಲಿ ಬರೆದು ಕೊಟ್ಟಳು. ನಾನು ಹಿಂದೆ ಬೆನ್ನತ್ತಿ ಹೋದೆ.

"ಇನ್ನ ಮುಟ್ಟಂಗಿಲ್ಲ ಹೌದಲ್ಲವಾ?"

"ಮುಟ್ಟಬಹುದು ಆಯೀ."

"ಥೂ, ಎಂಥಾ ಮಾತ ಆಡ್ತಿ!"

"ಖರೆ ಹೇಳಾಕತ್ತೀನಿ. ಇದು ಬ್ಯಾನಿ. ಹೋಗತೈತಿ, ತಿರುಗಿ ಬರತೈತಿ. ಬಂದ್ರ ಮುಚ್ಚಬ್ಯಾಡ್ರಿ, ಕರಕೊಂಡ ಬರ್ರಿ. ಮಾಲಿ ಹಾಕಸ್ತೀರಿ? ಹಾಕಸ್ರಿ, ಬ್ಯಾಡನ್ನಂಗಿಲ್ಲ. ಮೊದಲ ಇಲ್ಲಿ ಬಂದ ಆಮ್ಯಾಲ ಹಾಕಸ್ರಿ."

ಆಕೆ ಹೇಳಿದಂತೆಯೇ ಆಯಿತು. ಮರುವರ್ಷ ಎರಡು ಸಲ ಕುಡಿದ. ಎರಡೂ ಸಲ ನಾನೇ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ, ಬಸ್ಸಿನಲ್ಲಿ ಯಾರು ಕೇಳಿದರೂ ಇದ್ದದ್ದನ್ನು ಹೇಳಿದೆ. ಈಗ ಎರಡು ವರ್ಷದ ಮೇಲಾಯಿತು, ಮುಟ್ಟಿಲ್ಲ. ನಾಳೆಯದು ನನಗೆ ಗೊತ್ತಿಲ್ಲ. ಕುಂಟುತ್ತಾನೆ, ಕೆಲಸ ಮಾಡುತ್ತಾನೆ.

ಆ ಹನ್ನೆರಡು ದಿನದ ಕಡೆಯ ಮಾತು ಉಳಿದಿದೆ. ಮುಂದಿನ ಮಂಗಳವಾರ ಕಾಲಿಗೆ ಪ್ಲೇಟು ಹಾಕಿದರು. ಗುರುವಾರ ಸಂಜೆ ಬಸವಂತಪ್ಪ ಮತ್ತೆ ಬಂದ, ಈ ಸಲ ಸೇಬುಹಣ್ಣು. ಕಸ್ತೂರಿ ಪಕ್ಕದಲ್ಲೇ ಪಟ್ಟಿ ಬದಲಿಸುತ್ತಿದ್ದಳು.

"ಸಿಸ್ಟರ್ರ, ನಮ್ಮ ಬೀಗರಿಗೆ ಫಿಟ್ಸ್ ಬಂದಿತ್ತಂತ? ಅದ ವಂಶದಾಗ ಬರೋ ಬ್ಯಾನಿ ಏನ್ರಿ? ನಾಳೆ ಸಂಬಂಧ ಮಾಡೋರು ನಾವು, ಕೇಳಬೇಕಲ್ಲ."

"ಪೇಶಂಟಿನ ಮಾತ ನಾ ಹೇಳಾಕ ಬರಂಗಿಲ್ರಿ. ಅವರನ್ನ ಕೇಳ್ರಿ," ಎಂದಳು, ತಲೆ ಎತ್ತದೆ.

ಬಸವಂತಪ್ಪ ನನ್ನ ಕಡೆ ನೋಡಿದ. ಫಕ್ಕೀರಪ್ಪ ಬಾಯಿ ತೆರೆದ. ಅವನಿಗಿಂತ ಮೊದಲು ನಾನು ಹೇಳಿದೆ.

"ಜ್ವರಾ ನೆತ್ತಿಗೇರಿತ್ರಿ ಬೀಗರ. ಈಗ ಏನೂ ಇಲ್ಲ."

ಅಷ್ಟೆಲ್ಲ ಕಂಡ ಮೇಲೂ ಹಾಗೆ ಹೇಳಿದೆ. ಬೀಗರು ಸಮಾಧಾನದಿಂದ ಹಣ್ಣು ಇಟ್ಟು ಹೋದರು. ಕಸ್ತೂರಿ ಪಟ್ಟಿ ಕಟ್ಟಿ ಮುಗಿಸಿ, ಕತ್ತರಿ ತಟ್ಟೆಯಲ್ಲಿಟ್ಟು ಹೋದಳು. ನೀಲವ್ವ ನನ್ನ ಕಡೆ ನೋಡಲಿಲ್ಲ. ಮಗ ಗೋಡೆಯ ಕಡೆ ಮುಖ ಮಾಡಿದ. ಸವಿತಾ ಅಂಗಡಿಯ ಮುಂದೆ ಮಾಡುತ್ತಾಳೆ ಎಂದಿದ್ದನಲ್ಲ, ಹಾಗೆ.

ಮರುದಿನ ಮುಂಜಾನೆ ಅವನು ಕಣ್ಣು ಬಿಡುವ ತನಕ ಕಾದಿದ್ದು ಕೇಳಿದೆ: "ಮುಂಡರಗಿಗೆ ಹೋಗಿ ಹೇಳ್ಲೇನು? ನಿನ್ನ ಮಾತು. ಬ್ಯಾಡಂದ್ರ ಬಿಡ್ತೀನಿ."

ಅವನು ನನ್ನ ಕಡೆ ಹೊರಳಿದ. "ಹೇಳು. ಆದರ ಬಿಟ್ಟಾನ ಅಂತ ಹೇಳಬ್ಯಾಡ ಯವ್ವಾ. ಬಿಡಾಕ ಹತ್ಯಾನ ಅಂತ ಹೇಳು."

ಸವಿತಾಳಿಗೆ ಫೋನು ಹಚ್ಚಿ ಹೋಗುವ ಕೆಲಸ ತಿಳಿಸಿದೆ. ಸಂಬಂಧ ಮುರಿದರೂ ಮುರಿಯಬಹುದು ಎಂದೆ. "ಹೋಗಿ ಬಾ ಆಯೀ," ಎಂದಳು.

ಎಂಟರ ಬಸ್ಸು ಹಿಡಿದೆ. ಮುಂಡರಗಿಯಲ್ಲಿ ಇಳಿದು ಕೇಳುತ್ತ ಕೇಳುತ್ತ ಅವರ ಮನೆ ಮುಟ್ಟಿದೆ. ಬಸವಂತಪ್ಪ ಕಟ್ಟೆಯ ಮೇಲೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದ. "ಬರ್ರಿ ಬರ್ರಿ, ಏನ ಮುಂಜಾನೆದ್ದ!" ಎಂದು ಎದ್ದು ನಿಂತ. ಅವನ ಹೆಂಡತಿ ನೀರಿನ ತಂಬಿಗೆ, ತಟ್ಟೆಯಲ್ಲಿ ಬೆಲ್ಲ ಹಿಡಿದು ಬಂದಳು. ನಾನು ಹೊಸ್ತಿಲ ಹೊರಗೇ ನಿಂತೆ. ಚಪ್ಪಲಿ ಬಿಡಲಿಲ್ಲ.

"ನೀರ ಆಮ್ಯಾಲ ತಂಗೀ. ಮೊದಲ ನಾ ಹೇಳೋದ ಕೇಳ್ರಿ, ಕೊಡೋದ ಬಿಡೋದ ಆಮ್ಯಾಲ ನೀವ ನೋಡ್ರಿ," ಎಂದೆ. "ನಾ ನಿಮಗ ಎರಡ ಸಲ ಸುಳ್ಳ ಹೇಳೀನಿ. ನನ್ನ ಮಗ ಕುಡೀತಿದ್ದ."